ಮೈಸೂರಿನ ಕಮಿಷನರ್ ಪದವಿಯೂ ಮದರಾಸು ಸರ್ಕಾರದ ವಿವಾದವೂ

೧

ಕ್ರಿ. ಶ. ೧೮೩೧ನೆಯ ಇಸವಿ ಅಕ್ಟೋಬರ್ ತಿಂಗಳಿನಲ್ಲಿ ಮೈಸೂರು ಸಂಸ್ಥಾನದ ಆಡಳಿತವು ಮುಮ್ಮಡಿ ಕೃಷ್ಣರಾಜ ಒಡೆಯರವರ ಕೈತಪ್ಪಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯವರ ವಶಕ್ಕೆ ಹೋದುದೂ, ಐವತ್ತು ವರ್ಷಗಳ ತರುವಾಯ ೧೮೮೧ನೆಯ ಇಸವಿ ಮಾರ್ಚ್ ೨೫ನೆಯ ದಿನ ಅದು ಚಾಮರಾಜೇಂದ್ರ ಒಡೆಯರವರಿಗೆ ಮರಳಿ ಸಂದುದೂ ಇತಿಹಾಸಜ್ಞರಿಗೆಲ್ಲ ವಿದಿತವಾದ ವಿಷಯಗಳು. ಈ ಅವಧಿಯನ್ನು ಕುರಿತು ಬರೆದ ಗ್ರಂಥಕರ್ತರು ಬಹುಮಟ್ಟಿಗೆ ನಗರದ ದಂಗೆ, ಅರಮನೆಯ ಋಣಭಾರ, ಕಮಿಷನರುಗಳು ಮಾಡಿದ ಸುಧಾರಣೆಗಳು, ದತ್ತಸ್ವೀಕಾರ ಇವುಗಳನ್ನೇ ವಿಸ್ತರಿಸಿರುವರು. ಆ ಕಮಿಷನರುಗಳನ್ನು ನೇಮಿಸತಕ್ಕವರು ಯಾರು, ಅವರು ಯಾರ ಆಜ್ಞೆಗೆ ಒಳಪಟ್ಟು ನಡೆಯತಕ್ಕವರು ಎಂಬ ವಿಷಯದಲ್ಲಿ ಕಲ್ಕತ್ತೆಯ ಗವರ್ನರ್ ಜನರಲ್ಲನಿಗೂ ಮದರಾಸಿನ ಗವರ್ನರನಿಗೂ ನಡೆದ ವಿವಾದವಾದರೋ ಕಚೇರಿಯ ಕಾಗದಗಳೊಳಗಣ ಕ್ಷುದ್ರ ಕಲಹವೆಂಬಂತೆ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದುಂಟು.

ಹೊರನೋಟಕ್ಕೆ ಅದು ಕ್ಷುದ್ರವೇ ಸರಿ. ವಾದಿಪ್ರತಿವಾದಿಗಳಿಬ್ಬರೂ ಪರದೇಶೀಯರು, ವಾದಗ್ರಸ್ತವಾದ ಪದವಿಯೂ ಪರದೇಶೀಯನೊಬ್ಬನದು, ನಾಡಿನ ದೊರೆಯನ್ನಾಗಲಿ ಪ್ರಜೆಗಳನ್ನಾಗಲಿ ಮೊದಲಲ್ಲಿ ಯಾರೂ ವಿಚಾರಿಸಿದವರಲ್ಲ. ಆದರೂ ೧೮೩೧ರಿಂದ ೧೮೩೪ರವರೆಗೆ ಒಂದು ಸಲ, ೧೮೬೦ರಲ್ಲಿ ಮತ್ತೊಂದು ಸಲ ತಲೆಯೆತ್ತಿದ ಈ ವಿವಾದವು ಯಾವ ಬಗೆಯಾಗಿ ತೀರ್ಮಾನವಾಯಿತೆಂಬುದರ ಮೇಲೆಯೇ, ಮೈಸೂರು ಪ್ರತ್ಯೇಕ ಸಂಸ್ಥಾನವಾಗಿ ಉಳಿಯುವುದೋ ಅಥವಾ ಬಳ್ಳಾರಿಯಂತೆ ಮದರಾಸು ಪ್ರಾಂತದ ಜಿಲ್ಲೆಗಳಲ್ಲಿ ಕರಗಿಹೋಗುವುದೋ ಎಂಬುದು ಬಹುಮಟ್ಟಿಗೆ ನಿಂತಿದ್ದಿತು. ಈ ಅಂಶವನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ವಿವಾದದ ಬೀಜವು ೧೭೯೯ನೆಯ ಇಸವಿಯ ಒಪ್ಪಂದದಲ್ಲಿಯೇ ಇದ್ದಿತು. ಆ ವರ್ಷ ಮೇ ೪ನೆಯ ದಿನ ಶ್ರೀರಂಗಪಟ್ಟಣದ ಕೋಟೆಯು ಬಿದ್ದು ಟೀಪೂ ಸುಲ್ತಾನನು ಮಡಿದ ಬಳಿಕ, ಜೂನ್ ೩೦ನೆಯ ದಿನ ಐದು ವರ್ಷ ತುಂಬದ ಬಾಲಕರಾಗಿದ್ದ ಕೃಷ್ಣರಾಜ ಒಡೆಯರವರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಜುಲೈ ೮ನೆಯ ದಿನ ಆದ ಸಹಾಯಕ ಸೈನ್ಯದ ಒಪ್ಪಂದದ ಮೇರೆಗೆ ಸಂಸ್ಥಾನವು ಕಂಪೆನಿಯ ಸೈನ್ಯದ ವೆಚ್ಚಕ್ಕಾಗಿ ವರ್ಷಂಪ್ರತಿ ಏಳು ಲಕ್ಷ ಸ್ಟಾರ್ ಪಗೋಡಗಳನ್ನು ಪೊಗದಿಯಾಗಿ ಸಲ್ಲಿಸಬೇಕಾಯಿತು. ಈ ಹಣವು ನಿಂತುಹೋಗುವುದೆಂಬ ಭಯವು ಹುಟ್ಟಿದಲ್ಲಿ ಸಂಸ್ಥಾನದ ಯಾವುದಾದರೊಂದು ಭಾಗವನ್ನಾಗಲಿ ಕೆಲವು ಭಾಗಗಳನ್ನಾಗಲಿ ಕಂಪೆನಿಯ ಅಧಿಕಾರಿಗಳ ವಶಕ್ಕೆ ತೆಗೆದುಕೊಳ್ಳಬಹುದೆಂದು ನಾಲ್ಕನೆಯ ವಿಧಿಯು ಹೇಳುತ್ತಿದ್ದಿತು. ಅಂತಹ ಕಾಲದಲ್ಲಿಯೂ ಮಹಾರಾಜರಿಗೆ ವರ್ಷಕ್ಕೆ ಒಂದು ಲಕ್ಷ ಸ್ಟಾರ್ ಪಗೋಡಗಳೂ ನಿವ್ವಳ ಆದಾಯದಲ್ಲಿ ಐದನೆಯ ಒಂದು ಪಾಲೂ ಸಲ್ಲತಕ್ಕದ್ದೆಂದು ಮುಂದಣ ವಿಧಿಯಲ್ಲಿ ಗೊತ್ತುಮಾಡಿದ್ದಿತು.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಭಯವು ಹುಟ್ಟಿತೋ ಇಲ್ಲವೋ ಎಂಬುದನ್ನು ನಿರ್ಣಯಿಸುವ ಅಧಿಕಾರವನ್ನು ಒಪ್ಪಂದವು ಗವರ್ನರ್ ಜನರಲ್ಲನಿಗೆ ಕೊಟ್ಟಿತೇ ಹೊರತು ಮದರಾಸಿನ ಗವರ್ನರನಿಗಲ್ಲ. ವಶಪಡಿಸಿಕೊಳ್ಳಬಹುದಾದುದೂ ‘ಭಾಗ’ ಅಥವಾ ‘ಭಾಗಗಳು’ ಮಾತ್ರವೇ. ಸಮಗ್ರ ಸಂಸ್ಥಾನವೆಂಬ ಮಾತು ಅಲ್ಲಿರಲಿಲ್ಲ. ಈ ಎರಡನೆಯ ಅಂಶವು ಮುಂದೆ ಗವರ್ನರ್ ಜನರಲ್ಲನನ್ನೇ ಚಿಂತೆಗೆ ಗುರಿಮಾಡಿತು.

ಒಪ್ಪಂದದ ಶಾಸ್ತ್ರವು ಹೀಗಿದ್ದರೂ ರೂಢಿಯು ಬೇರೆಯಾಯಿತು. ಮೈಸೂರಿನ ಮೂರು ದಿಕ್ಕುಗಳನ್ನು ಮದರಾಸು ಪ್ರಾಂತದ ಜಿಲ್ಲೆಗಳು ಸುತ್ತುವರಿದಿದ್ದುವು. ಮೊದಲು ಶ್ರೀರಂಗಪಟ್ಟಣದಲ್ಲಿಯೂ ೧೮೦೯ರ ತರುವಾಯ ಬೆಂಗಳೂರಿನ ದಂಡಿನಲ್ಲಿಯೂ ಬೀಡುಬಿಟ್ಟಿದ್ದುದು ಮದರಾಸಿನ ಸೈನ್ಯ. ಕಲ್ಕತ್ತೆಯು ಬಹುದೂರ, ಮದರಾಸು ಸಮೀಪ. ಆದಕಾರಣ ಮೈಸೂರಿನಲ್ಲಿದ್ದ ರೆಸಿಡೆಂಟರ ಪತ್ರವ್ಯವಹಾರವು ಮದರಾಸು ಸರ್ಕಾರದ ಮುಖಾಂತರವೇ ನಡೆಯುವ ಪದ್ಧತಿಯು ಬೇರೂರಿತು. ೧೮೧೧ರಲ್ಲಿ ಪೂರ್ಣಯ್ಯನವರು ದಿವಾನಗಿರಿಯಿಂದ ನಿವೃತ್ತರಾಗಿ ಮಹಾರಾಜರು ಸ್ವತಃ ರಾಜ್ಯಭಾರವನ್ನು ವಹಿಸಿದ ಮೇಲೆ ಬೊಕ್ಕಸವು ಕ್ರಮೇಣ ಬರಿದಾಗುತ್ತ ಬರಲು, ೧೮೨೫ರಲ್ಲಿ ಮೈಸೂರಿಗೆ ಬಂದು ಎಚ್ಚರಿಕೆಯ ಮಾತನ್ನಾಡಿದವನು ಮದರಾಸಿನ ಗವರ್ನರನಾದ ಸರ್ ಥಾಮಸ್ ಮನ್ರೋ. ಮೈಸೂರು ತನ್ನ ಮೇಲ್ವಿಚಾರಣೆಗೆ ಒಳಪಟ್ಟ ನಾಡೆಂಬ ಭಾವನೆಯು ಮದರಾಸಿನ ಕಚೇರಿಗಳಲ್ಲಿ ಹೀಗೆ ಸ್ಥಿರವಾಯಿತು. ಶಾಸ್ತ್ರಕ್ಕಿಂತ ರೂಢಿಯೇ ಬಲವತ್ತರವೆಂಬ ಲೋಕೋಕ್ತಿಯು ರಾಜಕಾರ್ಯದಲ್ಲಿಯೂ ಸಲ್ಲುವುದಷ್ಟೆ. ಶಾಸ್ತ್ರವನ್ನು ಹಿಡಿದ ಕಲ್ಕತ್ತೆಗೂ ರೂಢಿಯನ್ನು ಹಿಡಿದ ಮದರಾಸಿಗೂ ಒಂದು ದಿನ ಘರ್ಷಣೆಯುಂಟಾಗುವುದು ಅನಿವಾರ್ಯವಾಗಿದ್ದಿತು.

೩

ಆ ದಿನವು ನಗರದ ದಂಗೆಯೊಡನೆ ಬಂದಿತು. ೧೮೩೦ರಲ್ಲಿ ನಗರದ ಫೌಜುದಾರಿಯ ರೈತರು ಕಂದಾಯದ ಭಾರವನ್ನೂ ಅಧಿಕಾರಿಗಳ ಕಿರುಕುಳವನ್ನೂ ಸಹಿಸಲಾರದೆ ಕೂಟಗಳನ್ನು ಕಟ್ಟಿದರು. ನಗರದ ಪೂರ್ವರಾಜರ ವಂಶಜನೆಂದು ಹೇಳಿಕೊಂಡ ಬೂದಿ ಬಸವಪ್ಪನೂ ತರೀಕೆರೆಯ ಪಾಳೆಯಗಾರರೂ ಸೇರಿಕೊಂಡುದರಿಂದ ರೈತರ ಅಸಮಾಧಾನವು ದಂಗೆಯಾಗಿ ಪರಿಣಮಿಸಿತು. ಅದನ್ನು ಅಡಗಿಸಲು ಕಂಪೆನಿಯ ಸೈನ್ಯವು ಬರಬೇಕಾಯಿತು. ಇದನ್ನು ನಿಮಿತ್ತ ಮಾಡಿಕೊಂಡು ಗವರ್ನರ್ ಜನರಲ್ಲನಾದ ಲಾರ್ಡ್ ವಿಲಿಯಂ ಬೆಂಟಿಂಕನು ೧೮೩೧ನೆಯ ಇಸವಿ ಸೆಪ್ಟೆಂಬರ್ ೭ನೆಯ ದಿನಾಂಕದ ಪತ್ರದಲ್ಲಿ, ಸಂಸ್ಥಾನದ ಆಡಳಿತವನ್ನು ಕಂಪೆನಿಯವರು ವಹಿಸುವರೆಂದು ಮಹಾರಾಜರಿಗೆ ತಿಳಿಸಿದನು. ಮಹಾರಾಜರು ಅಕ್ಟೋಬರ್ ತಿಂಗಳಿನಲ್ಲಿ ಯಾವ ಪ್ರತಿಭಟನೆಯನ್ನೂ ಒಡ್ಡದೆ ಅಧಿಕಾರವನ್ನು ಬಿಟ್ಟುಕೊಟ್ಟು ಮೈಸೂರಿನ ಅರಮನೆಯಲ್ಲಿಯೇ ನಿಂತರು.

ಇನ್ನು ನಾಡನ್ನು ಆಳುವವರಾರು? ಬೆಂಟಿಂಕನು ೧೮೦೩ರಿಂದ ೧೮೦೭ರವರೆಗೆ ತಾನೇ ಮದರಾಸಿನ ಗವರ್ನರನಾಗಿದ್ದವನು. ಆ ಸರ್ಕಾರದವರ ಅಭಿಮಾನವೆಷ್ಟೆಂಬುದನ್ನು ಅವನು ಬಲ್ಲನು. ಆದುದರಿಂದ ಇಬ್ಬರ ಮರ್ಯಾದೆಯೂ ಉಳಿಯುವಂತೆ ಒಂದು ಏರ್ಪಾಟನ್ನು ಮಾಡಿದನು: ಇಬ್ಬರು ಕಮಿಷನರುಗಳ ಒಂದು ಮಂಡಲಿ, ಹಿರಿಯವನನ್ನು ನೇಮಿಸುವವನು ಗವರ್ನರ್ ಜನರಲ್, ಕಿರಿಯವನನ್ನು ನೇಮಿಸುವುದು ಮದರಾಸು ಸರ್ಕಾರ, ಇಬ್ಬರಲ್ಲಿ ಅಭಿಪ್ರಾಯಭೇದವಾದರೆ ಹಿರಿಯವನ ಮಾತೇ ನಡೆಯತಕ್ಕದ್ದು. ಆದರೆ ಈ ಮಂಡಲಿಯು ಒಟ್ಟಾಗಿ ಮದರಾಸು ಸರ್ಕಾರದ ಕೈಕೆಳಗೆ ಇರತಕ್ಕದ್ದು. ಹಣಕಾಸಿನ ಆಡಳಿತವು ಹಿಂದಿನಂತೆ ದಿವಾನನ ಹೊಣೆಯಲ್ಲಿ ಉಳಿಯಿತು. ರೆಸಿಡೆಂಟನಾದ ಕ್ಯಾಸಮೈಜರನೂ ತನ್ನ ಸ್ಥಾನದಲ್ಲಿ ಮುಂದುವರಿದನು.

ಹಿರಿಯ ಕಮಿಷನರನಾಗಿ ಬೆಂಟಿಂಕನು ಆರಿಸಿದವನು ಕರ್ನಲ್ ಜಾನ್ ಬ್ರಿಗ್ಸ್. ಇವನು ಮದರಾಸಿನ ಸೈನ್ಯಕ್ಕೆ ಸೇರಿದವನೇ ಆದರೂ ರಾಜಕಾರ್ಯವನ್ನು ಕಲಿತುದು ಮಾಲ್ಕಂ, ಎಲ್ಫಿನ್‌ಸ್ಟನ್ ಮೊದಲಾದವರ ಬಳಿಯಲ್ಲಿ. ಅಧಿಕಾರ ಮಾಡಿದುದು ಖಾನದೇಶ, ಸತಾರಾಗಳಲ್ಲಿ. ಫಿರಿಷ್ತಾ ಬರೆದ ಪಾರಸಿ ಇತಿಹಾಸವನ್ನು ಇಂಗ್ಲಿಷಿಗೆ ಭಾಷಾಂತರಿಸಿ ೧೮೨೯ರಲ್ಲಿ ಪ್ರಕಟಿಸಿದ್ದ ವಿದ್ವಾಂಸನು. ೧೮೩೦ರಲ್ಲಿ ಭೂಕಂದಾಯವನ್ನು ಕುರಿತು ಗ್ರಂಥವನ್ನು ಬರೆದು, ಭೂಮಿಯ ಸ್ವಾಮ್ಯವು ಸರ್ಕಾರದ್ದೆಂಬ ಮತವನ್ನು ಖಂಡಿಸಿದ್ದನು. ರೈತವಾರಿ ಪದ್ಧತಿಯನ್ನೇ ತಮ್ಮ ಹೆಮ್ಮೆಯೆಂದು ತಿಳಿದಿದ್ದ ಮದರಾಸಿನವರಿಗೆ ಇಂತಹವನು ರುಚಿಸುವುದು ದುರ್ಲಭ. ಮದರಾಸಿನ ಗವರ್ನರನಾಗಿದ್ದ ಸ್ಟೀಫನ್ ರಂಬೋಲ್ಡ್ ಲಷಿಂಗ್ಟನ್ನನು ಕಿರಿಯ ಕಮಿಷನರನ ಪದವಿಗೆ ನೇಮಿಸಿದುದಾದರೋ ತನ್ನ ಸಹೋದರನಾದ ಸಿ. ಎಂ. ಲಷಿಂಗ್ಟನ್ನನನ್ನು.

ಈ ನೇಮಕಗಳ ಫಲವು ಏನಾಗಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮಂಡಲಿಯೊಳಗೆ ಹಿರಿಯವನ ಮಾತು ಮೇಲು. ಮಂಡಲಿಯ ಮೇಲಾದರೋ ಕಿರಿಯವನ ಒಡಹುಟ್ಟಿದವನ ಸರ್ಕಾರವು ಮೇಲು. ಕೆಳಗೆ ಗೆದ್ದ ವಾದವು ಮೇಲೆ ಹೋಗಿ ಸೋಲಬಹುದು. ಕೆಳಗೆ ಸೋತವನು ಮೇಲೆ ಬರೆದು ಗೆಲ್ಲಬಹುದು. ತನ್ನನ್ನು ನೇಮಿಸಿದವನು ಗವರ್ನರ್ ಜನರಲ್ಲನೆಂಬ ಧೈರ್ಯ ಬ್ರಿಗ್ಸನಿಗೆ. ತನ್ನ ಒಪ್ಪಿಗೆಯಿಲ್ಲದೆ ತನ್ನ ನೆರೆನಾಡಿಗೆ ಅಧಿಕಾರಿಯು ಬಂದನೆಂಬ ಅಸಮಾಧಾನ ಗವರ್ನರನಿಗೆ. ದಿವಾನನ ಪರವಾಗಿ ಒಬ್ಬರು, ಎದುರಾಗಿ ಒಬ್ಬರು ಎಂಬಂತೆ ಕಚೇರಿಯ ಜನರೆಲ್ಲ ಪಕ್ಷ ಹಿಡಿಯುವುದಕ್ಕೆ ಇಷ್ಟೇ ಸಾಕು. ಅಮಲ್ದಾರನಿಗೆ ಆಜ್ಞೆಯು ಯಾವ ಬಾಗಿಲಿನಿಂದ ಬರುವುದೆಂಬುದೇ ನಿಶ್ಚಯವಿಲ್ಲದಿರುವಾಗ, ದಂಗೆಯಿಂದ ನೊಂದಿದ್ದ ರೈತನ ಅಹವಾಲಿಗೆ ಕಿವಿಗೊಡುವವರಾರು?

ಇಂತಹ ಆಡಳಿತದ ದೋಷವನ್ನು ಭಾರತೀಯ ರಾಜನೀತಿಶಾಸ್ತ್ರವು ಬಹು ಹಿಂದೆಯೇ ವಿವೇಚಿಸಿದೆ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳವರು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜ್ಯಕ್ಕೆ ಬರುವ ವ್ಯಸನಗಳನ್ನು ಹೇಳುವೆಡೆಯಲ್ಲಿ ದ್ವೈರಾಜ್ಯ, ವೈರಾಜ್ಯಗಳೆಂಬ ಎರಡರ ಬಲಾಬಲ ವಿಚಾರವಿದೆ. ಇಬ್ಬರು ಆಳುವ ನಾಡು ಪರಸ್ಪರ ದ್ವೇಷದಿಂದಲೂ ಪಕ್ಷಪಾತದಿಂದಲೂ ಸ್ಪರ್ಧೆಯಿಂದಲೂ ನಾಶವಾಗುವುದೆಂಬುದು ಪೂರ್ವಾಚಾರ್ಯರ ಮತ. ಕೌಟಿಲ್ಯನಾದರೋ ಅದಕ್ಕಿಂತಲೂ ವೈರಾಜ್ಯವೇ ಕೇಡಿನದೆನ್ನುವನು: ಜೀವಂತನಾಗಿರುವ ರಾಜನಿಂದ ನಾಡನ್ನು ಕಿತ್ತುಕೊಂಡ ಪರಕೀಯನಿಗೆ ಅದು ತನ್ನದೆಂಬ ಮಮತೆಯಿರುವುದಿಲ್ಲ. ೧೮೩೧ರ ಮೈಸೂರಿನಲ್ಲಿ ಈ ಎರಡು ವ್ಯಸನಗಳೂ ಏಕಕಾಲದಲ್ಲಿ ಸೇರಿಕೊಂಡುವು. ದೊರೆಯು ಅರಮನೆಯಲ್ಲಿ ಜೀವಂತನಾಗಿರುವಾಗಲೇ ಪರಕೀಯರ ಆಳಿಕೆ. ಆ ಪರಕೀಯರಲ್ಲಿಯೂ ಎರಡು ಒಡೆತನ. ಚಾಣಕ್ಯನ ಕಥೆಯನ್ನು ಕೆಂಪುನಾರಾಯಣನು ಮುದ್ರಾಮಂಜೂಷವೆಂಬ ಹೆಸರಿನಿಂದ ಕನ್ನಡ ಗದ್ಯದಲ್ಲಿ ರಚಿಸಿದುದು ಇದೇ ಮಹಾರಾಜರ ಕಾಲದಲ್ಲಿ, ೧೮೨೩ರಲ್ಲಿ ಎಂಬುದನ್ನು ಸಾಹಿತ್ಯಾಭ್ಯಾಸಿಗಳು ಬಲ್ಲರು. ಅಮಾತ್ಯನ ಪದವಿಯು ಯಾರಿಗೆ ಸಲ್ಲತಕ್ಕದ್ದೆಂಬ ಪ್ರಶ್ನೆಯ ಮೇಲೆಯೇ ರಾಜ್ಯದ ಸ್ಥೈರ್ಯವು ನಿಂತಿರುವುದೆಂಬುದು ಆ ಕಥೆಯ ಸಾರವೂ ಆಗಿದೆ.

೪

ಬೆಂಟಿಂಕನು ತನ್ನ ಏರ್ಪಾಟಿನ ದೋಷವನ್ನು ಒಂದು ವರ್ಷದೊಳಗೆ ಕಂಡುಕೊಂಡನು. ೧೮೩೨ರ ಮಧ್ಯಭಾಗದಲ್ಲಿ ಕಮಿಷನರುಗಳ ಮಂಡಲಿಯನ್ನು ಮದರಾಸಿನ ಅಧೀನದಿಂದ ಬಿಡಿಸಿ ನೇರವಾಗಿ ಭಾರತ ಸರ್ಕಾರದ ಕೈಕೆಳಗೆ ತರಲಾಯಿತು. ವಿವಾದದ ತಿರುಳು ತೀರ್ಮಾನವಾದುದು ಇಲ್ಲಿಯೇ. ಆದರೆ ಬ್ರಿಗ್ಸನಿಗೆ ಮೈಸೂರಿನಲ್ಲಿ ನೆಮ್ಮದಿಯಿಂದ ಕೆಲಸ ಮಾಡುವುದು ಸಾಧ್ಯವಾಗಲಿಲ್ಲ. ಅದೇ ವರ್ಷ ಅವನನ್ನು ನಾಗಪುರದ ರೆಸಿಡೆಂಟನನ್ನಾಗಿ ಕಳುಹಿಸಿದರು. ಗವರ್ನರ್ ಲಷಿಂಗ್ಟನ್ನನ ಅಧಿಕಾರಾವಧಿಯೂ ೧೮೩೨ನೆಯ ಇಸವಿ ಅಕ್ಟೋಬರಿನಲ್ಲಿ ಮುಗಿದು ಸರ್ ಫ್ರೆಡರಿಕ್ ಆಡಮನು ಮದರಾಸಿಗೆ ಬಂದನು. ಜಗಳವಾಡಿದ ವ್ಯಕ್ತಿಗಳು ರಂಗದಿಂದ ನಿಷ್ಕ್ರಮಿಸಿದರು. ಅವರ ಜಗಳದಿಂದ ಹುಟ್ಟಿದ ಏರ್ಪಾಟು ಮಾತ್ರ ನಿಂತಿತು.

ಬ್ರಿಗ್ಸನ ತರುವಾಯ ಕರ್ನಲ್ ಮಾರಿಸನ್ನನು ಹಿರಿಯ ಕಮಿಷನರನಾದನು. ದಂಗೆಯ ಕಾರಣಗಳನ್ನು ವಿಚಾರಿಸುವುದಕ್ಕಾಗಿ ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿಯು ನೇಮಕವಾಗಿ ೧೮೩೩ನೆಯ ಇಸವಿ ಡಿಸೆಂಬರಿನಲ್ಲಿ ತನ್ನ ವರದಿಯನ್ನೊಪ್ಪಿಸಿತು. ಮಹಾರಾಜರ ಮೇಲೆ ಹೊರಿಸಿದ್ದ ಆರೋಪಗಳು ಕೆಲಮಟ್ಟಿಗೆ ಅತಿಶಯೋಕ್ತಿಯಿಂದ ಕೂಡಿದ್ದುವೆಂಬುದು ಅದರಿಂದ ತೋರಿಬಂದಿತು. ಬೆಂಟಿಂಕನು ೧೮೩೪ರಲ್ಲಿ ದಕ್ಷಿಣಕ್ಕೆ ಬಂದು ಸ್ಥಿತಿಗತಿಗಳನ್ನು ಸ್ವತಃ ನೋಡಿದ ಮೇಲೆ, ಒಪ್ಪಂದದಲ್ಲಿ ‘ಭಾಗ’ವೆಂದಿರುವಾಗ ಸಮಗ್ರ ಸಂಸ್ಥಾನವನ್ನು ಹಿಡಿದುಕೊಂಡುದು ನ್ಯಾಯವೇ ಎಂಬ ಸಂಶಯಕ್ಕೊಳಗಾದನು. ಪೊಗದಿಯ ಹಣಕ್ಕೆ ಸಾಕಾಗುವಷ್ಟು ಸೀಮೆಯನ್ನು ಉಳಿಸಿಕೊಂಡು ಮಿಕ್ಕುದನ್ನು ಮಹಾರಾಜರಿಗೆ ಹಿಂದಿರುಗಿಸಬೇಕೆಂದು ಸಲಹೆ ಮಾಡಿದನು. ಇಂಗ್ಲೆಂಡಿನಲ್ಲಿದ್ದ ಕಂಪೆನಿಯ ನಿರ್ದೇಶಕರು ಇದಕ್ಕೆ ಒಪ್ಪಲಿಲ್ಲ.

ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಇಬ್ಬರು ಕಮಿಷನರುಗಳ ಪದ್ಧತಿಯನ್ನು ತೆಗೆದುಹಾಕಿ ಸಂಸ್ಥಾನಕ್ಕೆಲ್ಲ ಒಬ್ಬನೇ ಕಮಿಷನರನೆಂದು ಗೊತ್ತುಮಾಡಲಾಯಿತು. ಮಾರಿಸನ್ನನು ಕೆಲವು ಕಾಲದಲ್ಲಿಯೇ ಗವರ್ನರ್ ಜನರಲ್ಲನ ಮಂತ್ರಾಲೋಚನಾ ಸಭೆಯ ಸದಸ್ಯತ್ವಕ್ಕೆ ಏರಿದುದರಿಂದ, ಜೂನ್ ತಿಂಗಳಿನಲ್ಲಿ ಮಾರ್ಕ್ ಕಬ್ಬನ್ನನು ಆ ಸ್ಥಾನಕ್ಕೆ ಬಂದನು. ಹಿಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು ದಕ್ಷಿಣ ಹಿಂದೂದೇಶದ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸನ ಸೋದರಳಿಯನೇ ಇವನು. ಕಬ್ಬನ್ನನೂ ಮದರಾಸಿನ ಸೈನ್ಯದವನೇ ಎಂಬುದು ಗಮನಾರ್ಹ. ಆದುದರಿಂದ ಮದರಾಸಿನ ಮನುಷ್ಯನೋ ಹೊರಗಿನವನೋ ಎಂಬುದು ವಿವಾದದ ನಿಜವಾದ ವಿಷಯವಾಗಿರಲಿಲ್ಲ. ಬಂದವನ ಅಧಿಕಾರವು ಯಾವ ಮೂಲದಿಂದ ಹೊರಟುದು, ಅವನು ಯಾರಿಗೆ ಉತ್ತರ ಹೇಳತಕ್ಕವನು ಎಂಬುದೇ ಮುಖ್ಯವಾಗಿದ್ದಿತು.

ಕಬ್ಬನ್ನನ ಕಾಲದಲ್ಲಿ ಫೌಜುದಾರಿಗಳ ಸ್ಥಳದಲ್ಲಿ ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳಾಗಿ, ಒಂದೊಂದಕ್ಕೆ ಒಬ್ಬ ಸೂಪರಿಂಟೆಂಡೆಂಟನು ಬಂದನು. ೧೮೪೩ರಲ್ಲಿ ರೆಸಿಡೆಂಟನ ಪದವಿಯನ್ನೂ ರದ್ದುಮಾಡಿದರು. ಆಜ್ಞೆಯು ಹೊರಡುವ ಬಾಗಿಲು ಒಂದೇ ಆಯಿತು. ಪರಕೀಯರ ಆಳಿಕೆಯೆಂಬ ದೋಷವು ಹೋಗಲಿಲ್ಲ. ಎರಡು ಒಡೆತನದ ದೋಷವು ಮಾತ್ರ ತೊಲಗಿತು.

೫

ಇಪ್ಪತ್ತಾರು ವರ್ಷಗಳ ತರುವಾಯ ಈ ವಿವಾದವು ಮರಳಿ ಮೊಳೆಯಿತು. ೧೮೫೮ರಲ್ಲಿ ಕಂಪೆನಿಯ ಆಳಿಕೆಯು ಮುಗಿದು ಇಂಗ್ಲೆಂಡಿನ ರಾಣಿಯ ಆಳಿಕೆಯು ಬಂದಿದ್ದಿತು. ಇಂಡಿಯಾ ಮಂತ್ರಿಯಾದ ಸರ್ ಚಾರ್ಲ್ಸ್ ವುಡ್ಡನು ಮೈಸೂರಿನ ಮೇಲ್ವಿಚಾರಣೆಯನ್ನು ಭಾರತ ಸರ್ಕಾರದಿಂದ ತೆಗೆದು ಮದರಾಸು ಸರ್ಕಾರಕ್ಕೆ ವಹಿಸತಕ್ಕದ್ದೆಂದು ಆಜ್ಞೆ ಮಾಡಿದನು. ನೆರೆಯ ಸರ್ಕಾರದ ಕೈಯಲ್ಲಿದ್ದರೆ ಆಡಳಿತಕ್ಕೆ ಅನುಕೂಲವೆಂಬುದು ಇದಕ್ಕೆ ಹೊರಗಿನ ಸಮರ್ಥನೆ. ಪರಿಣಾಮವಾದರೋ ೧೮೩೨ರಲ್ಲಿ ತೀರಿದ ತೀರ್ಪನ್ನು ಮಗುಚಿಹಾಕುವುದೇ ಆಗಿದ್ದಿತು.

ಈ ಸಲದ ವಿಶೇಷವೇನೆಂದರೆ, ಮೊದಲ ವಿವಾದದಲ್ಲಿ ಯಾರೂ ಕೇಳದಿದ್ದ ಧ್ವನಿಯು ಈಗ ಕೇಳಿಬಂದಿತು. ಅರವತ್ತೈದು ವರ್ಷಗಳನ್ನು ದಾಟಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರವರು ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗನಿಗೆ ಪ್ರತಿಭಟನೆಯನ್ನು ಬರೆದು ಕಳುಹಿಸಿದರು. ಸಂಸ್ಥಾನಕ್ಕೂ ಗವರ್ನರ್ ಜನರಲ್ಲನಿಗೂ ಇದ್ದ ನೇರ ಸಂಬಂಧವನ್ನು ಕಡಿದು, ತಮ್ಮನ್ನು ಅಧೀನ ಪ್ರಾಂತವೊಂದರ ಕೈಕೆಳಗೆ ಇಡುವುದು ಅಗೌರವವೆಂಬುದು ಅವರ ಆಕ್ಷೇಪಣೆ. ಕಬ್ಬನ್ನನೂ ಈ ಬದಲಾವಣೆಗೆ ಒಪ್ಪದೆ ರಾಜೀನಾಮೆಯನ್ನು ಮುಂದಿಟ್ಟನು. ಮೂವತ್ತು ವರ್ಷಗಳ ಹಿಂದೆ ಅಧಿಕಾರವನ್ನು ಕಳೆದುಕೊಂಡ ದೊರೆಯೂ ಆ ಅಧಿಕಾರವನ್ನು ನಡಸುತ್ತಿದ್ದ ಪರದೇಶೀಯನೂ ಒಂದೇ ಪಕ್ಷವನ್ನು ಹಿಡಿದುದು ಇತಿಹಾಸದಲ್ಲಿ ಅಪರೂಪವಾದ ಸನ್ನಿವೇಶ. ಕಬ್ಬನ್ನನಿಗೆ ಪ್ರಿಯವಾದುದು ತನ್ನ ಆಡಳಿತದ ಸ್ವಾತಂತ್ರ್ಯ. ಮಹಾರಾಜರಿಗೆ ಪ್ರಿಯವಾದುದು ತಮ್ಮ ವಂಶದ ಹಕ್ಕು. ಈ ಎರಡಕ್ಕೂ ಮದರಾಸಿನ ಅಧೀನತೆಯಿಂದ ಕುಂದು ಬರುತ್ತಿದ್ದಿತು.

ಕ್ಯಾನಿಂಗನು ಆಜ್ಞೆಯನ್ನು ನಡೆಯಗೊಡಲಿಲ್ಲ. ಇಂಗ್ಲೆಂಡಿನವರು ತಮ್ಮ ನಿರ್ಣಯವನ್ನು ಹಿಂತೆಗೆದುಕೊಂಡರು. ಕಬ್ಬನ್ನನು ಮತ್ತೆ ಕೆಲವು ತಿಂಗಳು ಅಧಿಕಾರದಲ್ಲಿದ್ದು, ೧೮೬೧ರ ಪ್ರಾರಂಭದಲ್ಲಿ ಅನಾರೋಗ್ಯದಿಂದ ಹೊರಟು, ಊರಿಗೆ ಹೋಗುವ ದಾರಿಯಲ್ಲಿ ಸೂಯೆಜಿನಲ್ಲಿ ಮೃತನಾದನು.

ಕ್ಯಾನಿಂಗನ ಈ ಕಾರ್ಯವು ಮೈಸೂರಿನ ಮೇಲಣ ಪ್ರೀತಿಯಿಂದ ಆಯಿತೆಂದು ಭಾವಿಸುವುದು ಸರಿಯಲ್ಲ. ೧೮೫೭ರ ಕ್ರಾಂತಿಯ ಕಾಲದಲ್ಲಿ ಮಹಾರಾಜರು ನೀಡಿದ ನೆರವನ್ನು ಅವನು ಕೃತಜ್ಞತೆಯಿಂದ ಸ್ಮರಿಸಿದ್ದು ನಿಜ. ಆದರೆ ಔರಸ ಪುತ್ರರಿಲ್ಲದ ವೃದ್ಧ ಮಹಾರಾಜರು ದತ್ತು ತೆಗೆದುಕೊಳ್ಳದೆ ಸಂಸ್ಥಾನವನ್ನು ಬ್ರಿಟಿಷರಿಗೇ ಬಿಟ್ಟುಹೋಗುವರೆಂಬ ನಿರೀಕ್ಷೆಯೂ ಅವನ ಮನಸ್ಸಿನಲ್ಲಿದ್ದಿತು. ಅಂತಹವರ ಮನಸ್ಸನ್ನು ನೋಯಿಸುವುದು ಅವನಿಗೆ ವಿವೇಕವೆಂದು ತೋರಲಿಲ್ಲ. ರಾಜ್ಯವನ್ನು ಹಿಂದಿರುಗಿಸಬೇಕೆಂಬ ಮಹಾರಾಜರ ಬೇಡಿಕೆಯನ್ನು ೧೮೬೨ರಲ್ಲಿ ನಿರಾಕರಿಸಿದವನೂ ಈ ಕ್ಯಾನಿಂಗನೇ. ಹೀಗೆ ಸಂಸ್ಥಾನವನ್ನು ಮುಂದೆ ನುಂಗುವ ಆಸೆಯಿಂದ ಮಾಡಿದ ಕಾರ್ಯವೇ ಅದನ್ನು ಉಳಿಸುವುದಕ್ಕೆ ಸಾಧನವಾಯಿತು.

೬

ಹೇಗೆಂದರೆ, ಮೈಸೂರು ನೇರವಾಗಿ ಭಾರತ ಸರ್ಕಾರದ ಕೈಕೆಳಗೆ ಇದ್ದಷ್ಟು ಕಾಲವೂ ಅದು ಒಂದು ಪ್ರಾಂತದ ಅಂಗವೆನಿಸಲಿಲ್ಲ. ಅನ್ಯರು ನೋಡಿಕೊಳ್ಳುತ್ತಿದ್ದ ಪ್ರತ್ಯೇಕ ನಾಡೆಂದೇ ಉಳಿಯಿತು. ಅದರ ಗಡಿಗಳು, ಲೆಕ್ಕಪತ್ರಗಳು, ಕಂದಾಯದ ಪದ್ಧತಿ ಎಲ್ಲವೂ ಬೇರೆಯಾಗಿಯೇ ನಡೆದುವು. ೧೮೬೫ನೆಯ ಇಸವಿ ಜೂನ್ ತಿಂಗಳಿನಲ್ಲಿ ಮಹಾರಾಜರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಕಲ್ಕತ್ತೆಯು ಅದನ್ನು ಒಪ್ಪದಿದ್ದರೂ, ೧೮೬೭ರಲ್ಲಿ ಇಂಡಿಯಾ ಮಂತ್ರಿಯಾದ ಸರ್ ಸ್ಟಾಫರ್ಡ್ ನಾರ್ತ್‌ಕೋಟನು ಮಾನ್ಯ ಮಾಡಿದನು. ಹಿಂದಿರುಗಿಸಲು ಒಂದು ಮೈಸೂರು ಎಂಬುದು ಆಗ ಇನ್ನೂ ಇಡಿಯಾಗಿ ಇದ್ದಿತು. ಮುಮ್ಮಡಿಯವರು ೧೮೬೮ನೆಯ ಇಸವಿ ಮಾರ್ಚ್ ೨೭ನೆಯ ದಿನ ಕಾಲವಾದರು. ಹದಿಮೂರು ವರ್ಷಗಳ ಮೇಲೆ ಅವರ ದತ್ತುಪುತ್ರರಿಗೆ ರಾಜ್ಯವು ಸಂದಿತು.

ಇದಕ್ಕೆ ವಿರುದ್ಧವಾದ ನಿದರ್ಶನವು ದೂರದಲ್ಲಿಲ್ಲ. ೧೮೩೪ರಲ್ಲಿ ಕೊಡಗನ್ನು ಕಂಪೆನಿಯವರು ವಶಪಡಿಸಿಕೊಂಡಾ​ಗ ಅದರ ಮುಖ್ಯಭಾಗವು ಮೈಸೂರಿನ ಕಮಿಷನರನ ಮೇಲ್ವಿಚಾರಣೆಗೆ ಒಳಪಟ್ಟು ಪ್ರತ್ಯೇಕ ನಾಡಾಗಿಯೇ ಉಳಿಯಿತು. ಅದೇ ಕೊಡಗಿನ ರಾಜರಿಗೆ ಸೇರಿದ್ದ ಅಮರಸುಳ್ಯ, ಪುತ್ತೂರಿನ ಸೀಮೆಗಳು ಮದರಾಸಿಗೆ ಸೇರಿದ ಕನ್ನಡ ಜಿಲ್ಲೆಗೆ ಹೋಗಿ ಅದರಲ್ಲಿ ಬೆರೆತುಹೋದುವು. ಒಂದೇ ರಾಜ್ಯದ ಎರಡು ತುಂಡುಗಳಿಗೆ ಎರಡು ಗತಿಯಾಯಿತು. ಆ ಭೇದಕ್ಕೆ ಕಾರಣವಾದುದು ಯಾವ ಕಚೇರಿಯ ಕೈಕೆಳಗೆ ಯಾವುದು ಬಂದಿತೆಂಬುದೇ. ೧೮೦೦ರಲ್ಲಿ ನಿಜಾಮನಿಂದ ಕಂಪೆನಿಗೆ ಬಂದ ಬಳ್ಳಾರಿಯ ಸೀಮೆಯೂ ಮದರಾಸಿನ ಜಿಲ್ಲೆಯಾಗಿ ಒಂದೂವರೆ ಶತಮಾನ ನಿಂತಿತು. ೧೮೬೦ರ ಆಜ್ಞೆಯು ನಡೆದಿದ್ದರೆ ಮೈಸೂರಿಗೂ ಇದೇ ಗತಿಯು ಬರುತ್ತಿದ್ದಿತೆಂದು ಖಂಡಿತವಾಗಿ ಹೇಳಲಾಗದಾದರೂ, ಆ ದಾರಿಯು ತೆರೆಯುತ್ತಿದ್ದಿತೆಂಬುದರಲ್ಲಿ ಸಂದೇಹವಿಲ್ಲ.

೧೯೫೬ನೆಯ ಇಸವಿ ನವೆಂಬರ್ ೧ನೆಯ ದಿನ ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆಗಳೂ ಕೊಡಗೂ ಒಂದಾದಾಗ, ಅವು ಬಂದು ಕೂಡಿಕೊಂಡುದು ಮೈಸೂರಿನೊಡನೆ. ೧೯೭೩ರಲ್ಲಿ ಕರ್ನಾಟಕವೆಂಬ ಹೆಸರನ್ನು ಪಡೆದುದು ಆ ರಾಜ್ಯವೇ. ಕನ್ನಡವು ಆಡಳಿತದಲ್ಲಿ ಸ್ಥಾನವುಳ್ಳ ಒಂದು ನಾಡು ಅಖಂಡವಾಗಿ ಉಳಿದಿದ್ದುದರಿಂದಲೇ ಉಳಿದ ಭಾಗಗಳಿಗೆ ಸೇರಿಕೊಳ್ಳಲು ಒಂದು ಆಸರೆ ದೊರೆಯಿತು. ಆ ಅಖಂಡತೆಗೆ ಕಾರಣಗಳು ಹಲವು. ರಾಜವಂಶದ ಪುಣ್ಯ, ದಿವಾನರ ದಕ್ಷತೆ, ಪ್ರಜೆಗಳ ನಿಷ್ಠೆ ಇವೆಲ್ಲವನ್ನೂ ಇತಿಹಾಸಕಾರರು ಕೀರ್ತಿಸಿರುವರು. ಅವುಗಳ ಸಾಲಿನಲ್ಲಿ, ಬ್ರಿಗ್ಸನ ನೇಮಕವನ್ನು ಸಹಿಸಲಾರದ ಗವರ್ನರನೊಬ್ಬನ ಅಸಮಾಧಾನವನ್ನೂ, ಅದರಿಂದ ೧೮೩೨ರಲ್ಲಿ ಹುಟ್ಟಿದ ನಿರ್ಣಯವನ್ನೂ, ಆ ನಿರ್ಣಯವನ್ನು ೧೮೬೦ರಲ್ಲಿ ಕೈಬಿಡಗೊಡದ ವೃದ್ಧ ಮಹಾರಾಜರ ಪತ್ರವನ್ನೂ ಸೇರಿಸುವುದು ನ್ಯಾಯವಾಗಿರುವುದು.